ಪ್ಯಾಕೇಜಿನ ಮೇಲಿನ ಹೆಸರು

ಕೀಲಿಮಣೆಯ ಮೇಲೆ ಬೆರಳಿಟ್ಟು, ಒತ್ತಲು ಹೆದರಿ ಕೂತಿದ್ದಳು. ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುವುದೇ ಪುಕ್ಕಲಕ್ಕ ಎಂದು. ಬಾಗಿಲು ಬಡಿದರೂ ಬೆಚ್ಚಿಬೀಳುವವಳು. ಆದರೆ ಈ ಸಲದ ಹೆದರಿಕೆಗೆ ಕಾರಣವಿತ್ತು.

ಜಗತ್ತಿನಲ್ಲಿ ಯಾರ್ಯಾರೋ ಪುಕ್ಕಟೆ ಬರೆದುಕೊಟ್ಟ ಸಾಫ್ಟ್‌ವೇರುಗಳನ್ನು ಒಟ್ಟುಮಾಡಿ, ಪ್ಯಾಕೇಜು ಕಟ್ಟಿ ಆಸ್ಪತ್ರೆಗಳಿಗೆ ಮಾರುವುದು ಆ ಕಂಪನಿಯ ದಂಧೆ. ಕಟ್ಟುವವರು ಗುತ್ತಿಗೆಯ ಮಂದಿ. ಕಟ್ಟಿದವರು ತಮ್ಮ ಹೆಸರು ಹಾಕಿ, ತಮ್ಮ ಪಾಸ್‌ವರ್ಡಿನಿಂದ ಮುದ್ರೆ ಒತ್ತಬೇಕು. ಮುದ್ರೆಯಿಲ್ಲದ್ದನ್ನು ಆಸ್ಪತ್ರೆಯ ಕಂಪ್ಯೂಟರು ಒಳಗೇ ಬಿಟ್ಟುಕೊಳ್ಳದು. ಏನಾದರೂ ಕೆಟ್ಟರೆ ಆ ಹೆಸರಿನವರ ಕುತ್ತಿಗೆಗೆ ಬರುತ್ತದೆ. ಹಿಂದೆ ಇದೇ ಸಾಲಿನಲ್ಲಿದ್ದ ಕನ್ನಡಕದಣ್ಣ ಮ್ಯಾನೇಜರ ಹೇಳಿದಂತೆಯೇ ಮಾಡಿ, ಆ ಮ್ಯಾನೇಜರನಿಂದಲೇ ಬೀದಿಪಾಲಾಗಿದ್ದ.

ಈಗಿನ ತಕರಾರು ಇದು. ಡ್ರಿಪ್ ಯಂತ್ರ ನಡೆಸುವ ಪ್ರೋಗ್ರಾಮು, ಬಿಲ್ಲು ಹಾಕುವ ಹೊಸ ಪ್ರೋಗ್ರಾಮು, ಎರಡೂ ಲೆಕ್ಕ ಮಾಡಲು ಒಂದೇ ಲೈಬ್ರರಿಯನ್ನು, ಅಂದರೆ ಯಾರೋ ಬರೆದಿಟ್ಟ ಸಿದ್ಧ ಲೆಕ್ಕದ ಕೋಡನ್ನು, ಹಂಚಿಕೊಳ್ಳುತ್ತವೆ. ಡ್ರಿಪ್ಪಿಗೆ ಹಳೆಯ ಆವೃತ್ತಿಯೇ ಬೇಕು, ಬಿಲ್ಲಿಗೆ ಹೊಸದೇ ಬೇಕು. ಇರುವ ಜಾಗ ಒಂದೇ.

"ಹೊಸದನ್ನೇ ಇಟ್ಟು ಅದಕ್ಕೆ ಹಳೇದರ ಹೆಸರು ಕೊಡಮ್ಮ," ಎಂದ ಮ್ಯಾನೇಜರ. "ಡ್ರಿಪ್ಪಿಗೇನು ಗೊತ್ತಾಗುತ್ತೆ? ಶುರುವಾಗುತ್ತೆ."

ಹಾಗೇ ಮಾಡಿ ನೋಡಿದಳು. ಶುರುವಾಯಿತು. ಅದೇ ಭಯ. ಶುರುವಾಗದಿದ್ದರೆ ಯಾರಾದರೂ ಗಮನಿಸುತ್ತಿದ್ದರು. ಪರೀಕ್ಷೆಗೆಂದು ಅವಳು ಔಷಧದ ಪ್ರಮಾಣ ಕೊಟ್ಟಳು. ಹೊಸ ಲೈಬ್ರರಿಯ ಲೆಕ್ಕದ ರೀತಿಯೇ ಬೇರೆ. ಪರದೆಯ ಮೇಲೆ ದುಪ್ಪಟ್ಟು ಬಂತು. ಕೆಂಪು ದೀಪವಿಲ್ಲ, ಎಚ್ಚರಿಕೆಯಿಲ್ಲ. ಅವಳಿಗೆ ಅಮ್ಮನ ನೆನಪಾಯಿತು. ಅಮ್ಮ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು, ಯಂತ್ರವನ್ನು ನಂಬಿ ನಿದ್ದೆಹೋಗುತ್ತಿದ್ದಳು.

"ಸಾರ್, ಡೋಸು ತಪ್ಪು ಬರ್ತಿದೆ. ಡ್ರಿಪ್ಪಿನ ಜೊತೇಲೇ ಹಳೇ ಲೈಬ್ರರೀನ ಬೇರೆ ಫೋಲ್ಡರಲ್ಲಿ ಇಟ್ಟುಕೊಡ್ತೀನಿ. ಮತ್ತೆ ಪರೀಕ್ಷೆ ಮಾಡೋಕೆ ಸ್ವಲ್ಪ ದಿನ ಕೊಡಿ."

"ನಾಳೆ ಆಸ್ಪತ್ರೆ ಉದ್ಘಾಟನೆ. ಆಮೇಲೆ ಸರಿಮಾಡೋಣ. ಒತ್ತು."

"ಅಷ್ಟರಲ್ಲಿ ಯಾರಾದ್ರೂ ಸತ್ರೆ?"

"ನಿನ್ನ ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತೆ, ನೆನಪಿದೆಯಾ?" ಅವನು ನಗುತ್ತಲೇ ಕೇಳಿದ.

ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಇವನು ತಿಳಿಯದೆ ಹೇಳುತ್ತಿಲ್ಲ, ಎಲ್ಲ ತಿಳಿದೇ ಹೇಳುತ್ತಿದ್ದಾನೆ ಎಂದು ಹೊಳೆದಾಗ ಇನ್ನಷ್ಟು ಹೆದರಿದಳು. ಎದ್ದು ಕುರ್ಚಿ ಬಿಟ್ಟುಕೊಟ್ಟಳು.

"ನಾನು ಒತ್ತಲ್ಲ ಸಾರ್. ನಿಮ್ಮ ಹೆಸರಲ್ಲೇ ಕಳ್ಸಿ."

ಮ್ಯಾನೇಜರ ಪಕ್ಕದವಳತ್ತ ತಿರುಗಿದ. "ನೀನು ಒತ್ತು."

ಪಕ್ಕದವಳು ದಿನಾ ಪುಕ್ಕಲಕ್ಕನನ್ನು ಅಣಕಿಸುವವಳು. ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಅಕ್ಕ ಒತ್ತದೇ ಇದ್ದದ್ದನ್ನ ನಾನೂ ಒತ್ತಲ್ಲ."

ಅವಳಾಚೆಯವನೂ ಕೈ ತೆಗೆದ. ಅವನಾಚೆಯವಳೂ ತೆಗೆದಳು. ಸಾಲಿನುದ್ದಕ್ಕೂ ಟಕಟಕ ಸದ್ದು ನಿಂತುಹೋಯಿತು.

"ಎಲ್ಲರನ್ನೂ ಮನೆಗೆ ಕಳಿಸ್ತೀನಿ," ಎಂದು ಬೈಯುತ್ತಲೇ ಮ್ಯಾನೇಜರ ಅವಳ ಕುರ್ಚಿಯಲ್ಲಿ ಕೂತ. ಪುಕ್ಕಲಕ್ಕ ಅಲ್ಲೇ ನಿಂತಿದ್ದಳು. 'ಕಟ್ಟಿದವರ ಹೆಸರು' ಎಂಬಲ್ಲಿ ಗೆರೆಯೊಂದು ಮಿನುಗುತ್ತಿತ್ತು. ಅವನು ತನ್ನ ಹೆಸರಿನ ಮೊದಲ ಅಕ್ಷರ ಒತ್ತಿದ. ಪರದೆ ನೋಡಿದ. ಅಳಿಸಿದ.

ಅಳಿಸಿದ್ದನ್ನು ಎಲ್ಲರೂ ನೋಡಿದರು.