ಮೇಲಕ್ಕೆ ಬಿದ್ದ ಲೋಲಕ

ಎರ್ಲಿಂಡಾ ಪಾಠ ಮಾಡುತ್ತಿದ್ದದ್ದು ಕಪ್ಪು ಚೌಕಗಳಿಗೆ. ಇಲೊಯ್ಲೊ ನಗರದ ತನ್ನ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದರೆ ಪರದೆಯ ತುಂಬ ವಿದ್ಯಾರ್ಥಿಗಳ ಹೆಸರು, ಮುಖವಿಲ್ಲ, ದನಿಯಿಲ್ಲ. ಎಂಜಿನಿಯರಿಂಗ್ ಮಕ್ಕಳಿಗೆ ಮೆಕ್ಯಾನಿಕ್ಸ್ ಕಲಿಸುವ ಆನ್‌ಲೈನ್ ಕೋರ್ಸ್ ಅದು. "ಅರ್ಥವಾಯ್ತಾ?" ಎಂದು ಕೇಳಿದಾಗಲೆಲ್ಲ ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಾದಂತಾಗುತ್ತಿತ್ತು.

ಬೆಳಿಗ್ಗೆ ಡೀನ್ ಒಡಿಲೊನ್ ಫೋನ್ ಮಾಡಿದ್ದರು. "ಏನಮ್ಮ ಲಿಂಡಾ, ಮುಂದಿನ ವರ್ಷ ನಿನ್ನ ಕೋರ್ಸ್ ಇಡೋದಾ, ತೆಗೆಯೋದಾ? ಗೋಡೆಗೆ ಪಾಠ ಹೇಳ್ತಿದ್ದೀನಿ ಅಂತ ನೀನೇ ಅಂದೆ."

"ಗೋಡೆಯಾದ್ರೂ ವಾಸಿ ಸಾರ್. ಪ್ರತಿಧ್ವನಿ ಕೊಡುತ್ತೆ."

ತೆಗೆದುಬಿಡಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಮಧ್ಯಾಹ್ನ ಹೇಳುತ್ತೇನೆ ಎಂದು ಫೋನ್ ಇಟ್ಟಳು.

ಆ ಯೋಚನೆಯಲ್ಲೇ ಕ್ಲಾಸ್ ಶುರುಮಾಡಿ, ತೂಗಾಡುವ ಲೋಲಕದ ಲೆಕ್ಕವನ್ನು ಪರದೆಯ ಮೇಲೆ ಬರೆದಳು. ಚಲನಶಕ್ತಿಯಿಂದ ಸ್ಥಿತಿಶಕ್ತಿಯನ್ನು ಕಳೆಯಬೇಕಿದ್ದಲ್ಲಿ ಕೂಡಿಸಿದಳು. ಗಮನಿಸದೆ ಮುಂದುವರಿದು, ಕೊನೆಯ ಸಮೀಕರಣದ ಕೆಳಗೆ ಗೆರೆ ಎಳೆದಳು.

"ಪ್ರಶ್ನೆ ಇದೆಯಾ?"

ಯಾರದೋ ಮೈಕಿನಲ್ಲಿ ಹುಂಜವೊಂದು ಕೂಗಿತು. ಅದರ ಹಿಂದೆಯೇ ಒಬ್ಬ ಹುಡುಗಿ ಹೆದರುತ್ತ ಹೇಳಿದಳು: "ಮ್ಯಾಮ್... ಕ್ಷಮಿಸಿ ಮ್ಯಾಮ್. ನಿಮ್ಮ ಲೆಕ್ಕದಲ್ಲಿ ಲೋಲಕ ಮೇಲಕ್ಕೆ ಬೀಳ್ತಿದೆ."

"ಮೈನಸ್ ಮ್ಯಾಮ್, ಮೈನಸ್!" ಇನ್ನೊಬ್ಬ ಕೂಗಿದ. ಅವನ ಪಕ್ಕದ ಮನೆಯಲ್ಲಿ ಯಾರೋ ಕ್ಯಾರಿಯೋಕೆಯಲ್ಲಿ ಹಾಡುತ್ತ ಗಂಟಲು ಹರಿದುಕೊಳ್ಳುತ್ತಿದ್ದರು.

"ನಾನು ಆಗಲೇ ನೋಡಿದ್ದೆ ಕಣೋ!"

"ನೋಡಿ ಬಾಯಿ ಮುಚ್ಕೊಂಡಿದ್ಯಲ್ಲ ಮಾರಾಯ!"

ಮೈಕುಗಳು ಪಟಪಟನೆ ತೆರೆದುಕೊಂಡವು. ಬೀದಿಯ ಜೀಪ್ನಿ ಬಸ್ಸಿನ ಹಾರ್ನು, ಅಳುವ ಮಗು, ಬಾಣಲೆಯಲ್ಲಿ ಚುಂಯ್ ಎನ್ನುವ ಮೀನು, ಎಲ್ಲ ಒಟ್ಟಿಗೆ ಅವಳ ಮನೆಯೊಳಗೆ ನುಗ್ಗಿದವು.

"ಇಷ್ಟು ದಿನ ಎಲ್ಲಿ ಸತ್ತಿದ್ರಿ ನೀವೆಲ್ಲ?" ಎರ್ಲಿಂಡಾ ಕೇಳಿದಳು.

"ಇಲ್ಲೇ ಇದ್ವಿ ಮ್ಯಾಮ್," ಎಂದಳು ಮೊದಲು ಮಾತಾಡಿದ ಜೊವೆಲಿನ್. "ಮೈಕ್ ಹಾಕಿದ್ರೆ ನಮ್ಮಪ್ಪನ ಕಾಳಗದ ಹುಂಜಗಳು ಕೂಗ್ತವೆ. ನಾಚಿಕೆ ಆಗುತ್ತೆ. ತಪ್ಪು ಹಿಡಿಯೋಕೆ ಇನ್ನೂ ನಾಚಿಕೆ. ಆದ್ರೆ ಲೋಲಕ ಮೇಲಕ್ಕೆ ಹೋಗ್ತಾ ಇದ್ರೆ ಹೇಗೆ ಸುಮ್ಮನಿರೋದು?"

ಎರ್ಲಿಂಡಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಗಲೇ ಫೋನ್ ಬಡಿದುಕೊಂಡಿತು.

"ಏನಮ್ಮ ಗಲಾಟೆ ಅದು? ಸಂತೇಲಿದ್ದೀಯಾ?" ಡೀನ್ ಕೇಳಿದರು.

"ಕ್ಲಾಸಲ್ಲಿದ್ದೀನಿ ಸಾರ್. ಕೋರ್ಸ್ ಇರಲಿ. ಆಮೇಲೆ ಫೋನ್ ಮಾಡಿ, ಮಕ್ಕಳು ನನ್ನನ್ನ ತಿದ್ದುತ್ತಾ ಇದ್ದಾರೆ."