ಕುಲುಮೆಗೂ ಅರ್ಧ

"ಬೋಳಿಮಗನೇ, ಇನ್ನೊಂದ್ಸಲ ಅನ್ನು ನೋಡೋಣ," ಎಂದು ಮೇಸ್ತ್ರಿ ನನ್ನ ಕೂದಲು ಹಿಡಿದು ಮುಖವನ್ನು ಕುಲುಮೆಯ ಬಾಯಿಗೆ ತಳ್ಳಿದ. ಹುಬ್ಬು ಸುಟ್ಟ ವಾಸನೆ ನನ್ನ ಮೂಗಿಗೇ ಬಡಿಯಿತು. ನಾನು ಹೇಳಿದ್ದಾದರೂ ಏನು? ಸಂಬಳಕ್ಕೆ ಮತ್ತೆ ಕತ್ತರಿ ಹಾಕಿದರೆ ನಾಳೆಯಿಂದ ಗಾಜಿನ ಬಾಟಲಿ ಊದುವುದಿಲ್ಲ ಎಂದೆ, ಅಷ್ಟೇ.

ಧಣಿ ಮಾತ್ರ ಕೈಮುಗಿದುಕೊಂಡೇ ನಿಂತಿದ್ದ. ವ್ಯಾಪಾರ ನೆಲಕಚ್ಚಿದೆ, ನೀವೆಲ್ಲ ನನ್ನ ಮನೆಯವರಿದ್ದ ಹಾಗೆ, ಇನ್ನೊಂದು ಸಲ ಅರ್ಧಕ್ಕೆ ಒಪ್ಪಿಕೊಂಡರೆ ಕಾರ್ಖಾನೆ ಉಳಿಯುತ್ತದೆ ಎಂದು ಗೋಗರೆದ. ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಮೊದಲು ತಲೆಯಾಡಿಸಿದವನು ನನ್ನ ಹೆಂಡತಿಯ ಅಪ್ಪ, ಕುಲುಮೆ ಕಾಯುವ ಮುದುಕ. ಕುಲುಮೆ ತಣ್ಣಗಾದರೆ ಗಾಜು ಹೆಪ್ಪುಗಟ್ಟಿ, ಅದನ್ನು ಕರಗಿಸುವ ಒಳಗಿನ ಮೂಸೆಗಳೆಲ್ಲ ಸೀಳುತ್ತವೆ, ಕಾರ್ಖಾನೆಯ ಕಥೆ ಮುಗಿದಂತೆ. ಅದಕ್ಕೇ ಮಾವ ಮೂವತ್ತು ವರ್ಷ ಆರಗೊಟ್ಟಿರಲಿಲ್ಲ. ಅತ್ತೆಯನ್ನು ಮಣ್ಣು ಮಾಡಿ ನೇರ ಇಲ್ಲಿಗೇ ಬಂದಿದ್ದ. ಅವನ ಆ ಹಾಳು ನಿಯತ್ತು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ತನ್ನ ಸಂಬಳ ಬೇಕಾದರೆ ಪೂರ್ತಿ ಇಟ್ಟುಕೊಳ್ಳಿ, ಮಕ್ಕಳೊಂದಿಗರನ್ನು ಬಿಟ್ಟುಬಿಡಿ ಎಂದು ಮಾವ ಮೆಲ್ಲಗೆ ಕೇಳಿಕೊಂಡ.

"ಕುಲುಮೆಗೆ ಎಣ್ಣೆ ಸುರಿಯೋಕೇ ಸಾಲ್ತಿಲ್ಲ ಕಣಯ್ಯಾ," ಎಂದ ಧಣಿ. "ಅದಕ್ಕೆ ಅರ್ಧ ಹೊಟ್ಟೆ ಅಂದ್ರೆ ಆಗಲ್ಲ. ನೀವಾದ್ರೆ ಹೆಂಗೋ ಹೊಂದ್ಕೋತೀರ."

ಮಾವ ಅವನ ಮುಖವನ್ನೇ ನೋಡಿದ. ಆಮೇಲೆ ಎಣ್ಣೆಯ ವಾಲ್ವಿನ ಹತ್ತಿರ ಹೋಗಿ ಚಕ್ರವನ್ನು ಅರ್ಧ ತಿರುಗಿಸಿದ. ಕುಲುಮೆಯ ಮೊರೆತ ಕುಗ್ಗಿತು.

"ಎರಡು ಸಲ ನಾವು ಹೊಂದ್ಕೊಂಡ್ವಿ ಧಣಿ. ಇವತ್ತು ಇದೂ ಹೊಂದ್ಕೊಳ್ಲಿ."

ಮೇಸ್ತ್ರಿ ನನ್ನನ್ನು ಬಿಟ್ಟು ಸಲಾಕೆ ಎತ್ತಿಕೊಂಡ. ಮೊದಲ ಏಟಿಗೇ ಮುದುಕನ ಮುಂಗೈ ಲಟಕ್ಕೆಂದಿತು. ಮಾವ ಚಕ್ರವನ್ನು ಅವುಚಿಕೊಂಡ. ಎರಡನೆಯದು ಬೆನ್ನಿಗೆ, ಮೂರನೆಯದು ತಲೆಗೆ. ಮುದಿನಾಯಿ, ಬಿಡೋ ಎನ್ನುತ್ತ ಧಣಿಯೂ ಬೂಟುಗಾಲಲ್ಲಿ ಒದೆಯತೊಡಗಿದ. ಮಾವ ಉಳಿದ ಕೈಯಿಂದ ಚಕ್ರವನ್ನು ಪೂರ್ತಿ ಮುಚ್ಚಿದ.

ನಾನು ಊದುಗೊಳವೆ ಕೈಗೆತ್ತಿಕೊಂಡೆ. ತುದಿಯ ಗಾಜು ಇನ್ನೂ ಕೆಂಪಗಿತ್ತು. ಅದನ್ನು ಮೇಸ್ತ್ರಿಯ ಭುಜಕ್ಕೆ ಒತ್ತಿದೆ. ಅವನು ಅರಚುತ್ತ ಬಿದ್ದ. ಉಳಿದ ಊದುವವರೂ ತಮ್ಮ ಕೊಳವೆ ಹಿಡಿದು ಮಾವನ ಸುತ್ತ ನಿಂತರು. ನಾಳೆ ಯಾರ ಮನೆಯಲ್ಲೂ ಒಲೆ ಉರಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಕದಲಲಿಲ್ಲ.

ಧಣಿ ಮೊಣಕಾಲೂರಿ ಕೂತ. ಕೈಮುಗಿದು ಮತ್ತೆ ಗೋಗರೆದ.

"ಪೂರ್ತಿ ಸಂಬಳ ಕೊಡ್ತೀನಿ. ಚಕ್ರ ತಿರುಗಿಸ್ರಪ್ಪಾ, ನಿಮ್ ಕಾಲಿಗೆ ಬೀಳ್ತೀನಿ."

ನಾನು ಬಗ್ಗಿ ಮಾವನ ಮೂಗಿನ ಹತ್ತಿರ ಕೈಯಿಟ್ಟೆ. ಉಸಿರಿರಲಿಲ್ಲ. ಬೆರಳುಗಳು ಮಾತ್ರ ಚಕ್ರವನ್ನು ಹಿಡಿದೇ ಇದ್ದವು.

ಗಂಟೆಗಳು ಕಳೆದು ಕುಲುಮೆಯ ಕೆಂಪು ಆರಿದಾಗ ಒಳಗೆ ಮೊದಲನೆಯ ಮೂಸೆ ಸೀಳಿತು. ನಾನು ಆ ಬೆರಳುಗಳನ್ನು ಬಿಡಿಸಲಿಲ್ಲ.