ಕಂಬದ ಮೇಲೆ ಮನುಷ್ಯ ಇರುವ ತನಕ

ಚಹಾದ ಎರಡನೇ ಗುಟುಕಿಗೆ ದುರುಗವ್ವ ನೆನಪಾದಳು. ಲೋಟ ಕೆಳಗಿಟ್ಟು ಎದ್ದೆ.

ನಾನು ಲೈನ್‌ಮನ್ ಜಿಲಾನಸಾಬ. ಗಂಗಾವತಿ ಕಡೆಯ ತೋಳಧಾಮದಲ್ಲಿ ಜೋತುಬಿದ್ದ ಹಳೇ ತಂತಿ ತೆಗೆದು, ಎತ್ತರದ ಕಂಬಗಳಿಗೆ ಹೊದಿಕೆಯ ಕೇಬಲ್ ಎಳೆಯುವ ಕೆಲಸ ನಡೆದಿತ್ತು. ಆ ತಂತಿ ತಗುಲಿ ಮೊದಲು ಒಂದು ತೋಳ ಸತ್ತಿತು, ಹೋದ ವರ್ಷ ಕುರಿ ಕಾಯುವ ದುರುಗವ್ವನ ಗಂಡ ಸತ್ತ. ಆಮೇಲೆ ಮಂಜೂರಾತಿ ಬಂತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

ಆ ದಿನ ಬೆಳಿಗ್ಗೆ ಕಂಬದ ಮೇಲಿಂದ ನಾನೇ ಕೂಗಿ ಹೇಳಿದ್ದೆ: "ದುರುಗವ್ವಾ, ನಾಕ ಗಂಟೆ ತನಕ ತಂತ್ಯಾಗ ಕರೆಂಟ ಇಲ್ಲ. ಜಾಲಿ ಕಾಯಿ ಬಡ್ಕೊಳವ್ವ, ಕುರಿ ತಿನ್ನಲಿ." ಬಿದಿರು ಮುರಿಯುತ್ತದೆಂದು ಈಗ ಕುರಿಯವರೆಲ್ಲರ ಕಾಯಿ ಬಡಿಯುವ ದೋಟಿಯೂ ಕಬ್ಬಿಣದ ಪೈಪು. ಆ ಜಾಲಿಮರವೋ ತಂತಿಯ ಮೈಗೇ ಒರಗಿ ನಿಂತಿದೆ.

ಕೇಬಲ್ ಸಾಲದೆ ಎರಡೂವರೆಗೇ ಕೆಲಸ ನಿಂತಿತು. ಜಾಲಿಮರದ ಹತ್ತಿರ ಹಳೇ ತಂತಿಯೇ ಉಳಿಯಿತು. ಸಬ್‌ಸ್ಟೇಷನ್ನಿನ ಗೋವಿಂದರಾಜನಿಗೆ ಫೋನ್ ಮಾಡಿ, ನಮ್ಮ ಕಡೆ ಮುಗಿಯಿತು, ಕರೆಂಟು ಬಿಡಬಹುದು ಎಂದೆ. "ಇದೇ ಲೈನಿನ ಇನ್ನೊಂದು ಗ್ಯಾಂಗಿನವ್ರೂ ಮುಗೀತು ಅಂತ ಹೇಳಿದ ಕೂಡ್ಲೆ ಬಿಡ್ತೀನ್ರಿ," ಎಂದ. ಬೈಕ್ ಹತ್ತಿ ಟಿಪ್ಪುಸಾಬನ ಚಹಾದಂಗಡಿಗೆ ಬಂದೆ. ದುರುಗವ್ವನಿಗೆ ಹೇಳಿ ಬರಬೇಕೆಂಬುದೇ ಹೊಳೆಯಲಿಲ್ಲ. ಮೂವತ್ತು ವರ್ಷದ ಸರ್ವಿಸ್ ಅಂತೆ, ಬೆಂಕಿ ಹಾಕಬೇಕು ಅದಕ್ಕೆ.

ಗೋವಿಂದರಾಜನಿಗೆ ಫೋನ್ ಹಚ್ಚಿದೆ, ಎಂಗೇಜ್. ಮತ್ತೆ ಹಚ್ಚಿದೆ, ಎಂಗೇಜ್. ಬೈಕ್ ಹತ್ತಿದೆ. ಹುಲ್ಲುಗಾವಲಿನ ದಾರಿ ಬರೀ ಕಲ್ಲು. ಎಡಗೈಯಲ್ಲಿ ಫೋನ್ ಹಿಡಿದು ಮತ್ತೆ ಹಚ್ಚಿದೆ. ಎರಡು ಸಲ ಬೀಳುವುದರಲ್ಲಿದ್ದೆ. ಅಲ್ಲಾನ ಹೆಸರಿನ ನಡುವೆ ಕೇಬಲ್ ಗುತ್ತಿಗೆದಾರನನ್ನೂ ಬೈದೆ. ಬೈಗುಳೆಲ್ಲ ನನಗೇ ಸಲ್ಲಬೇಕಿತ್ತು.

ದೂರಕ್ಕೆ ಜಾಲಿಮರ ಕಂಡಿತು. ಕುರಿಗಳು ಕಂಡವು. ಅವಳು ಕಾಣಲಿಲ್ಲ.

ಹತ್ತಿರ ಹೋದರೆ ಮರದಿಂದಾಚೆ, ಕುರಿಗಳ ನಡುವೆ ಕುಳಿತು ಬುತ್ತಿ ಬಿಚ್ಚಿದ್ದಳು. ದೋಟಿ ನೆಲದ ಮೇಲಿತ್ತು. ಬೈಕ್ ನಿಲ್ಲಿಸಿ ಇಳಿದೆ. ಅಷ್ಟರಲ್ಲಿ ಫೋನ್ ಬಂತು.

"ಭಾಳ ಸಲ ಹಚ್ಚೀರಲ್ರಿ ಜಿಲಾನಸಾಬ್ರ," ಎಂದ ಗೋವಿಂದರಾಜ. "ಕರೆಂಟ್ ಬಿಟ್ಟು ಹತ್ತು ನಿಮಿಷ ಆತ್ರಿ."

ಫೋನ್ ಇಟ್ಟೆ. "ಬಡಿಯೋದು ಯಾವಾಗ ಬಿಟ್ಟಿ?" ಎಂದು ಕೇಳಿದೆ.

"ನೀವು ಕಂಬ ಇಳಿದಾಗ."

"ನಾಕ ಗಂಟೆ ತನಕ ಅಂತ ಹೇಳಿದ್ನಲ್ಲ?"

ರೊಟ್ಟಿ ಮುರಿಯುತ್ತ ಹೇಳಿದಳು: "ಹೇಳಿದ್ರಿ. ನಮ್ಮನಿಯವ್ರಿಗೂ ಯಾರೋ ಹಂಗ ಹೇಳಿದ್ರು. ಅವ್ರು ಮಾತು ನಂಬಿದ್ರು. ನಾ ನಂಬಂಗಿಲ್ರಿ ಸಾಬ್ರ. ಕಂಬದ ಮ್ಯಾಲ ಮನಷಾ ಇರೋ ತನಕ ತಂತಿ ಸತ್ತಿರ್ತೈತಿ. ಅಷ್ಟ ನಂಗ ಗೊತ್ತು."

ಆ 'ಯಾರೋ' ಯಾರೆಂದು ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ಮಾತನ್ನು ಒಬ್ಬಳು ನಂಬಲಿಲ್ಲ ಎಂಬುದಕ್ಕೆ ಜೀವಮಾನದಲ್ಲಿ ಮೊದಲ ಸಲ ಸಂತೋಷವಾಯಿತು. ಅಲ್ಲಿಯೇ ಕುಕ್ಕರಿಸಿ ಕೂತು ಅತ್ತೆ.

ಅವಳು ಅರ್ಧ ರೊಟ್ಟಿ ನನ್ನ ಕೈಗಿಟ್ಟಳು. "ನಾಳೆ ಏರ್ತೀರೇನ್ರಿ?"

"ಏರ್ತೀನಿ."

"ಹಂಗಾರ ಉಳಿದ ಕಾಯಿ ನಾಳೆ ಬಡೀತೀನಿ," ಎಂದಳು.